ಬಂಜೆಗೆ ಪುಲ್ಲಿಂಗ ಯಾವುದು?

ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ನೆನಪಿರಬೇಕು, ಪರೀಕ್ಷೆಯಲ್ಲಿ 'ಲಿಂಗ ಬದಲಿಸಿ ಬರೆಯಿರಿ' ಅಂತೊಂದು ಪ್ರಶ್ನೆ ಇರ್ತಿತ್ತು. ಅರಸ - ಅರಸಿ, ಕವಿ - ಕವಯಿತ್ರಿ, ಒಕ್ಕಲಿಗ - ಒಕ್ಕಲಗಿತ್ತಿ. 'ಬಂಜೆ' ಅನ್ನೋ ಪದಕ್ಕೆ ಪುಲ್ಲಿಂಗ ಬರೀರಿ ಅಂತ ಯಾವ ಮೇಷ್ಟ್ರೂ ಕೇಳಿದ್ದಿಲ್ಲ. ಕೇಳಿದ್ದರೂ ಉತ್ತರ ಇರಲಿಲ್ಲ ಬಿಡಿ. ಷಂಡ, ನಪುಂಸಕ ಅಂತೆಲ್ಲ ಬಾಯಿಗೆ ಬರುತ್ತೆ, ಆದರೆ ಅವು ಬೇರೆಯದೇ ವಿಷಯಕ್ಕೆ ಇರುವ ಪದಗಳು. ಎಲ್ಲಾ ಸರಿಯಾಗಿಯೇ ಇದ್ದು, ಆದರೂ ಮಕ್ಕಳಾಗದ ಗಂಡಸಿಗೆ ಏನಂತ ಕರೀಬೇಕು ಅಂತ ನಮ್ಮ ಭಾಷೆ ಯೋಚನೆಯನ್ನೇ ಮಾಡಿದ ಹಾಗಿಲ್ಲ. ಭತ್ತಕ್ಕಾದರೆ ಜೊಳ್ಳು ಅಂತೀವಿ. ಭೂಮಿಗೆ ಬಂಜರು, ಹೆಂಗಸಿಗೆ ಬಂಜೆ. ಗಂಡಸಿಗೆ ಮಾತ್ರ ಏನೂ ಇಲ್ಲ. ಅದರ ಮೇಲೆ 'ವೀರ್ಯ' ಅಂದರೆ ಪರಾಕ್ರಮ ಅಂತಲೂ ಅರ್ಥ ಬೇರೆ! ಪರಾಕ್ರಮವನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಲ್ಯಾಬಿಗೆ ಕೊಟ್ಟು ಬನ್ನಿ ಅಂದರೆ ಯಾವ ಗಂಡಸು ತಾನೇ ಖುಷಿಯಿಂದ ಹೋಗ್ತಾನೆ ಹೇಳಿ :-)

ಆ ಹೆಸರಿಲ್ಲದ ಗುಂಪಿಗೆ ಸೇರಿದವನು ನಾನು. ಇವಳನ್ನು ಕೇಳಿಯೇ ಬರೀತಿದ್ದೇನೆ. "ಬರೀರಿ, ನನ್ನ ಹೆಸರು ಮಾತ್ರ ಹಾಕ್ಬೇಡಿ" ಅಂದಳು. ಹಾಗಾಗಿ ಇಲ್ಲಿ ಇವಳು ಅಂದರೆ ಇವಳೇ, ಅಷ್ಟೆ.

ನಮ್ಮ ಮದುವೆ ಆಗಿದ್ದು 2005ರಲ್ಲಿ. ಮೊದಲ ವರ್ಷ ಯಾರೂ ಏನೂ ಕೇಳಲಿಲ್ಲ. ಎರಡನೇ ವರ್ಷ "ಎಂತಾದ್ರೂ ವಿಶೇಷ ಉಂಟಾ?" ಶುರುವಾಯ್ತು. ಮೂರನೇ ವರ್ಷ ವಿಶೇಷ ಕೇಳುವವರು ನನ್ನನ್ನು ಬಿಟ್ಟು ಇವಳನ್ನು ಮಾತ್ರ ಕೇಳೋಕೆ ಶುರು ಮಾಡಿದರು. 2008ರಲ್ಲಿ ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿದ್ವಿ. ಅಲ್ಲಿಯೂ ಹರಕೆ ಹೊರುವವಳು ಇವಳೇ, ಉಪವಾಸ ಇವಳದ್ದೇ. ನನ್ನ ಕೆಲಸ ಪಂಚೆ ಉಟ್ಟುಕೊಂಡು ಪಕ್ಕದಲ್ಲಿ ಕೂರುವುದು.

2009ರ ಜನವರಿಯಲ್ಲಿ ಬೆಂಗಳೂರಿನ ಒಂದು ಕ್ಲಿನಿಕ್ಕಿಗೆ ಹೋದೆವು. ಹೆಸರು ಬೇಡ. ಅಲ್ಲಿ ಮೂರು ತಿಂಗಳು ಇವಳ ರಕ್ತ ತೆಗೆದದ್ದೇ ತೆಗೆದದ್ದು. ಥೈರಾಯ್ಡು, ಹಾರ್ಮೋನು, ದಿನ ಬಿಟ್ಟು ದಿನ ಸ್ಕ್ಯಾನು. ಗರ್ಭನಾಳ ತೆರೆದಿದೆಯೋ ಇಲ್ಲವೋ ನೋಡೋಕೆ ಡೈ ಹಾಕಿ ಎಕ್ಸ್‌ರೇ ತೆಗೆದರು. ಹೊರಗೆ ಬಂದವಳು ಅರ್ಧ ಗಂಟೆ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ನಂತರ ಲ್ಯಾಪ್ರೋಸ್ಕೋಪಿ ಅಂತ ಡೇಟು ಕೊಟ್ಟರು. "ನಂದು ಟೆಸ್ಟ್ ಮಾಡಲ್ವಾ ಡಾಕ್ಟ್ರೇ?" ಅಂತ ಕೇಳಿದೆ. "ಮಾಡೋಣ ಮಾಡೋಣ, ಅದು ಸಿಂಪಲ್ಲು, ಆಮೇಲೆ ನೋಡೋಣ" ಅಂದರು. ಸಿಂಪಲ್ ಆಗಿರೋದನ್ನು ಮೊದಲು ಮಾಡಬೇಕಲ್ವಾ? ಹೆಂಗಸಿನ ಹೊಟ್ಟೆಗೆ ತೂತು ಕೊರೆಯುವುದಕ್ಕಿಂತ ಮುಂಚೆ, ಗಂಡಸು ಐದು ನಿಮಿಷ ಬಾತ್‌ರೂಮಿಗೆ ಹೋಗಿ ಬರುವ ಟೆಸ್ಟು ಮಾಡಿದರೆ ಯಾರ ಗಂಟು ಹೋಗುತ್ತೆ? ಈಗಲೂ ನನಗೆ ಇದು ಅರ್ಥವಾಗಿಲ್ಲ. ಲ್ಯಾಪ್ರೋಸ್ಕೋಪಿ ಕ್ಯಾನ್ಸಲ್ ಮಾಡಿಸಿ ನಾನೇ ಬೇರೆ ಲ್ಯಾಬಿಗೆ ಹೋಗಿ ಡಬ್ಬಿ ಕೊಟ್ಟು ಬಂದೆ.

ರಿಪೋರ್ಟು ನೋಡಿದರೆ ಸಂಖ್ಯೆಗೇನೂ ಕೊರತೆ ಇಲ್ಲ. ಮಿಲಿಲೀಟರಿಗೆ 5 ಕೋಟಿ ಚಿಲ್ಲರೆ. ಆಗ 2 ಕೋಟಿ ಇದ್ದರೆ ಸಾಕು ಅಂತಿದ್ದರು (2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನೂ 1.5 ಕೋಟಿಗೆ ಇಳಿಸಿತು). ಓಡಾಟ ಮಾತ್ರ ಕಮ್ಮಿ. ಕೆಳಗೆ ಮೂಲೆಯಲ್ಲಿ 'ಅಗ್ಲುಟಿನೇಷನ್' ಅಂತ ಬರೆದು ಪಕ್ಕದಲ್ಲಿ ಮೂರು ಪ್ಲಸ್ ಹಾಕಿದ್ದರು. ಪರೀಕ್ಷೆಯಲ್ಲಿ ಮೂರು ಪ್ಲಸ್ ಬಂದರೆ ಖುಷಿ ಪಡುವ ಜಾತಿ ನಮ್ಮದು, ಇದು ಹಾಗಲ್ಲ ಅಂತ ಗೊತ್ತಾಗೋಕೆ ಇನ್ನೊಬ್ಬ ಡಾಕ್ಟರು ಬೇಕಾಯ್ತು.

ಆ ಡಾಕ್ಟರು ವಯಸ್ಸಾದವರು, ಗಂಡಸರನ್ನೇ ನೋಡುವವರು. ಟೆಸ್ಟು ಮತ್ತೊಮ್ಮೆ ಮಾಡಿಸಿ, "ಬನ್ರೀ ಇಲ್ಲಿ, ನೀವೇ ನೋಡಿ" ಅಂತ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಊರಲ್ಲಿ ಮಳೆಗಾಲದ ಶುರುವಿಗೆ ಗದ್ದೆ ಅಂಚಿನ ಗುಂಡಿಗಳಲ್ಲಿ ಗೊದಮೊಟ್ಟೆ ತುಂಬಿಕೊಂಡಿರ್ತವಲ್ಲ, ಹಾಗೆಯೇ. ಕೆಲವು ಸೊಂಯ್ ಅಂತ ಓಡ್ತಿದ್ದವು. ಆದರೆ ಬಹಳಷ್ಟು ಗುಂಪು ಗುಂಪು. ತಲೆಗೆ ತಲೆ ಅಂಟಿಕೊಂಡು, ಬಾಲಗಳನ್ನು ಸುತ್ತಲೂ ಬಡೀತಾ, ಒಂದೊಂದೂ ಒಂದೊಂದು ದಿಕ್ಕಿಗೆ ಎಳೀತಾ, ಇಡೀ ಗುಂಪು ಇದ್ದಲ್ಲೇ ಗಿರಗಿರ ತಿರುಗ್ತಾ ಇತ್ತು. ಬದುಕಿವೆ, ಶಕ್ತಿ ಇದೆ, ಹೋಗಬೇಕು ಅಂತಲೂ ಇದೆ. ಹೋಗೋಕೆ ಆಗ್ತಿಲ್ಲ. ಎಷ್ಟು ಹೊತ್ತು ನೋಡ್ತಾ ಕೂತಿದ್ದೆನೋ ಗೊತ್ತಿಲ್ಲ, ಡಾಕ್ಟರು ಕೆಮ್ಮಿದರು.

"ಸಣ್ಣವರಿದ್ದಾಗ ಆ ಕಡೆ ಏನಾದ್ರೂ ಪೆಟ್ಟು, ಆಪರೇಷನ್ನು ಆಗಿತ್ತಾ?" ಅಂತ ಕೇಳಿದರು. ಆಗಿತ್ತು. 1985ರಲ್ಲಿ, ನನಗೆ ಏಳು ವರ್ಷ ಇರುವಾಗ, ಹರ್ನಿಯಾಕ್ಕೆ ಆಪರೇಷನ್ ಮಾಡಿದ್ದರು. "ಅದರಿಂದಲೇ ಅಂತ ಹೇಳೋಕಾಗಲ್ಲ. ಆಗಿರಲೂಬಹುದು. ಎಷ್ಟೋ ಜನಕ್ಕೆ ಕಾರಣವೇ ಸಿಗಲ್ಲ" ಅಂದರು. ಆಮೇಲೆ ಒಂದು ಬಿಳಿ ಹಾಳೆ ತಗೊಂಡು ಚಿತ್ರ ಬರೆದು ಬರೆದು ಹೇಳಿದರು. ಮುಂದೆ ಬರೆದಿರೋದರಲ್ಲಿ ಅರ್ಧ ಅವರು ಹೇಳಿದ್ದು, ಅರ್ಧ ಆಮೇಲೆ ನಾನು ರಾತ್ರಿಯೆಲ್ಲ ಕೂತು ಓದಿದ್ದು.

ನಮ್ಮ ದೇಹದಲ್ಲಿ ರೋಗ ಬಾರದಂತೆ ಕಾಯುವ ಸೈನ್ಯ ಒಂದಿದೆಯಲ್ಲ, ಅದು ತನ್ನವರು ಯಾರು, ಹೊರಗಿನವರು ಯಾರು ಅಂತ ಪಾಠ ಕಲಿಯೋದು ಬಹುಮಟ್ಟಿಗೆ ನಾವು ಹೊಟ್ಟೆಯಲ್ಲಿದ್ದಾಗ ಮತ್ತು ತೀರಾ ಎಳೆಯ ವಯಸ್ಸಿನಲ್ಲಿ. ಆಗ ಕಣ್ಣಿಗೆ ಬಿದ್ದವರೆಲ್ಲ ಮನೆಯವರು. ವೀರ್ಯಾಣು ಹುಟ್ಟೋಕೆ ಶುರುವಾಗೋದು ಹನ್ನೆರಡು ಹದಿಮೂರನೇ ವರ್ಷಕ್ಕೆ. ಅಷ್ಟರಲ್ಲಿ ಪಾಠ ಮುಗಿದು ಹೋಗಿರುತ್ತೆ. ಅವುಗಳ ಮೈಮೇಲೆ ಬೇರೆಲ್ಲೂ ಇಲ್ಲದ ಪ್ರೋಟೀನುಗಳು, ಒಳಗೆ ಅರ್ಧವೇ ಕ್ರೋಮೋಸೋಮು. ಪೂರಾ ಅಪರಿಚಿತರ ವೇಷ. ಹುಟ್ಟಿದ ಲಾಗಾಯ್ತು ದೂರದೂರಲ್ಲಿದ್ದ ಮನೆ ಮಗ ಒಂದು ದಿನ ದಣಪೆ ದಾಟಿ ಬಂದರೆ ಮನೆ ನಾಯಿ ಬೊಗಳದೇ ಬಿಡುತ್ತಾ? ನಾಯಿದೇನು ತಪ್ಪು?

ಅದಕ್ಕೇ ದೇಹ ಒಂದು ಉಪಾಯ ಮಾಡಿದೆ. ನಾಯಿಗೂ ಮಗನಿಗೂ ಮುಖಾಮುಖಿಯೇ ಆಗದ ಹಾಗೆ ಮಧ್ಯೆ ಗೋಡೆ ಕಟ್ಟಿದೆ. ವೃಷಣದ ಒಳಗಿನ ಸಣ್ಣ ಕೊಳವೆಗಳಲ್ಲಿ ಸರ್ಟೋಲಿ ಕೋಶಗಳು ಅಂತ ಇವೆ (ಎನ್ರಿಕೊ ಸರ್ಟೋಲಿ ಅನ್ನೋ ಇಟಲಿಯ ವಿಜ್ಞಾನಿ 1865ರಲ್ಲಿ ಇವುಗಳ ಬಗ್ಗೆ ಬರೆದ). ಇವು ಒಂದಕ್ಕೊಂದು ಎಷ್ಟು ಬಿಗಿಯಾಗಿ ಹೆಗಲಿಗೆ ಹೆಗಲು ಕೊಟ್ಟು ನಿಂತಿರ್ತವೆ ಅಂದರೆ ರಕ್ತದಲ್ಲಿರುವ ಕಾವಲಿನವರು ಒಳಗೆ ನುಗ್ಗೋಕಾಗಲ್ಲ, ಒಳಗಿನವು ರಕ್ತಕ್ಕೆ ಬೀಳಲ್ಲ. ಪೆಟ್ಟು ಬಿದ್ದು, ವೃಷಣ ತಿರುಚಿಕೊಂಡು, ಸೋಂಕು ತಗುಲಿ ಗೋಡೆ ಬಿರುಕು ಬಿಡಬಹುದು. ಇಲ್ಲವೇ ಆಪರೇಷನ್ನಿನಲ್ಲಿ ಆಚೆ ಬರುವ ನಾಳಕ್ಕೆ ಏನೋ ಆಗಿ ದಾರಿ ಕಟ್ಟಿಕೊಳ್ಳಬಹುದು. ಆಗ ಒಳಗಿನದು ಹೊರಗಿನವರ ಕಣ್ಣಿಗೆ ಬೀಳುತ್ತೆ. ಬಿದ್ದ ಮೇಲೆ ಅವರು ತಮ್ಮ ಕೆಲಸ ತಾವು ಮಾಡ್ತಾರೆ, ಅಂದರೆ ಆಂಟಿಬಾಡಿ ತಯಾರಿಸ್ತಾರೆ. ಪಠ್ಯಪುಸ್ತಕದ ಕನ್ನಡದಲ್ಲಿ ಪ್ರತಿಕಾಯ. ನೆಗಡಿ ಬಂದಾಗ, ಲಸಿಕೆ ಹಾಕಿಸಿಕೊಂಡಾಗ ತಯಾರಾಗುತ್ತಲ್ಲ, ಅದೇ ವಸ್ತು. ಗುರಿ ಮಾತ್ರ ಬೇರೆ.

ನನಗೆ ಮಾಡಿದ ಟೆಸ್ಟಿನ ಹೆಸರು ಎಂಎಆರ್. ಜೀವಂತ ವೀರ್ಯಾಣುಗಳ ಜೊತೆ ತೀರಾ ಸಣ್ಣ ಮಣಿಗಳನ್ನು ಬೆರೆಸ್ತಾರೆ. ಮಣಿಗಳ ಮೈಗೆ ಮನುಷ್ಯರ ಆಂಟಿಬಾಡಿ ಲೇಪಿಸಿರುತ್ತೆ. ಎರಡನ್ನೂ ಸೇರಿಸಿ ಹಿಡಿಯುವ ಒಂದು ದ್ರವ ಹಾಕಿದರೆ, ಯಾವ ವೀರ್ಯಾಣುವಿನ ಮೇಲೆ ಆಂಟಿಬಾಡಿ ಇದೆಯೋ ಅದಕ್ಕೆ ಮಣಿ ಅಂಟಿಕೊಳ್ಳುತ್ತೆ. ಓಡಾಡುವ ನೂರರಲ್ಲಿ ಎಷ್ಟು ಮಣಿ ಹೊತ್ತುಕೊಂಡಿವೆ ಅಂತ ಎಣಿಸೋದು. 50 ದಾಟಿದರೆ ಗಮನಕ್ಕೆ ತಗೊಳ್ಳಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲಿದ್ದ ಲೆಕ್ಕ. ನನ್ನದು 78. ಎಲ್ಲಿ ಅಂಟಿವೆ ಅನ್ನೋದೂ ಮುಖ್ಯವಂತೆ. ಬಾಲದ ತುದಿಗಾದರೆ ಅಷ್ಟೇನೂ ತೊಂದರೆ ಇಲ್ಲ. ತಲೆಗೆ ಅಂಟಿದ್ದರೆ ಹೆಚ್ಚು ತಾಪತ್ರಯ. ನನ್ನವು ತಲೆಗೇ ಹೆಚ್ಚು.

ತಾಪತ್ರಯ ಅಂದರೆ ಏನು? ಮೊದಲನೆಯದು ನಾನು ಕಣ್ಣಾರೆ ನೋಡಿದ್ದು, ಒಂದಕ್ಕೊಂದು ಅಂಟಿಕೊಳ್ಳೋದು. ಎರಡನೆಯದು ನನಗೆ ತುಂಬಾ ವಿಚಿತ್ರ ಅನ್ನಿಸಿದ್ದು. ಆಂಟಿಬಾಡಿ ನೋಡೋಕೆ ಕವೆಗೋಲಿನ ಹಾಗಿದೆ, ಮೇಲೆ ಎರಡು ಕೈ, ಕೆಳಗೊಂದು ಕಾಲು. ಕೈಯಲ್ಲಿ ವೀರ್ಯಾಣುವನ್ನು ಹಿಡಿದುಕೊಂಡಿರುತ್ತೆ. ಗರ್ಭಕೊರಳಿನಲ್ಲಿ ಒಂದು ಲೋಳೆ ಇರುತ್ತಲ್ಲ, ತಿಂಗಳಲ್ಲಿ ಕೆಲವೇ ದಿನ ಅದು ನೀರಾಗಿ ದಾರಿ ಬಿಡೋದು, ಅಲ್ಲಿಗೆ ಬಂದಾಗ ಈ ಕವೆಗೋಲಿನ ಕಾಲು ಲೋಳೆಗೆ ಕಚ್ಚಿಕೊಂಡುಬಿಡುತ್ತೆ. ಅದರಲ್ಲೂ ಐಜಿಎ ಅನ್ನೋ ಜಾತಿಯದ್ದು. ಅಲ್ಲಿಗೆ ಮುಗೀತು. ಕೆಸರಲ್ಲಿ ಕಾಲು ಹೂತವನ ಹಾಗೆ, ಬಾಲ ಬಡೀತಾನೆ ಇರುತ್ತೆ, ಮುಂದಕ್ಕೆ ಹೋಗಲ್ಲ, ನಿಂತಲ್ಲೇ ನಡುಗುತ್ತೆ. ಎಪ್ಪತ್ತರ ದಶಕದಲ್ಲಿ ಹಾಲೆಂಡಿನ ಕ್ರೇಮರ್ ಮತ್ತು ಯಾಗರ್ ಇದನ್ನು ನೋಡಿ ವಿವರಿಸಿದರು, ಇದಕ್ಕೆ 'ಶೇಕಿಂಗ್' ಅಂತಲೇ ಹೆಸರು. ಮೂರನೆಯದು, ಇಷ್ಟೆಲ್ಲ ದಾಟಿ ಒಂದೋ ಎರಡೋ ಅಂಡದ ಹತ್ತಿರ ಹೋದವು ಅಂತಿಟ್ಕೊಳ್ಳಿ, ತಲೆಯ ಮೇಲೆ ಆಂಟಿಬಾಡಿ ಕೂತಿದ್ದರೆ ಅಂಡದ ಹೊರಕವಚಕ್ಕೆ ಕಚ್ಚಿಕೊಳ್ಳೋಕೆ, ಅದನ್ನು ಕೊರೆಯೋಕೆ ಅಡ್ಡಿ. ಹೆಂಗಸರ ದೇಹದಲ್ಲೂ ಇಂಥ ಆಂಟಿಬಾಡಿ ಇರಬಹುದು. ಇವಳಿಗೆ ಇರಲಿಲ್ಲ.

ಇಷ್ಟಾದರೂ ಡಾಕ್ಟರು ಒಂದು ಮಾತನ್ನು ಎರಡು ಸಲ ಹೇಳಿದರು. "ಇದು ಬೀಗ ಅಲ್ಲ, ಅಡ್ಡಿ. ಆಂಟಿಬಾಡಿ ಇದ್ದೂ ಮಕ್ಕಳಾದವರು ಬೇಕಾದಷ್ಟು ಜನ ಇದ್ದಾರೆ. ತಿಂಗಳು ತಿಂಗಳೂ ಇರುವ ಅವಕಾಶ ಕಮ್ಮಿಯಾಗುತ್ತೆ, ಸೊನ್ನೆ ಆಗಲ್ಲ." ಸಂತಾನಹರಣ ಆಪರೇಷನ್ ಮಾಡಿಸಿಕೊಂಡ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಈ ಆಂಟಿಬಾಡಿ ಬರುತ್ತಂತೆ. ದಾರಿ ಕಟ್ಟಿದ್ದರಿಂದ ಒಳಗಿನದ್ದು ಅಲ್ಲೇ ಕರಗಿ ರಕ್ತಕ್ಕೆ ಪರಿಚಯ ಆಗೋದು. ಅವರಿಗೆ ಅದು ಗೊತ್ತೂ ಆಗಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಆದರೆ ಆಮೇಲೆ ನಾಳ ಮತ್ತೆ ಜೋಡಿಸಿಕೊಂಡವರಲ್ಲಿ ಎಷ್ಟೋ ಜನ ಆಂಟಿಬಾಡಿ ಇಟ್ಟುಕೊಂಡೇ ತಂದೆಯರಾಗಿದ್ದಾರೆ. (ನಮ್ಮ ದೇಶದಲ್ಲಿ ಆ ಆಪರೇಷನ್ ಮಾಡಿಸಿಕೊಳ್ಳುವ ಗಂಡಸರಾದರೂ ಎಷ್ಟಿದ್ದಾರೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರ ಆಪರೇಷನ್ ನೆಚ್ಚಿಕೊಂಡವರು 37.9%, ಗಂಡಸರದ್ದು 0.3%. ಮಕ್ಕಳು ಬೇಡ ಅಂದರೂ ಅವಳದೇ ಹೊಟ್ಟೆ, ಬೇಕು ಅಂದರೂ ಅವಳದೇ ಹೊಟ್ಟೆ.)

ಓದ್ತಾ ಹೋದ ಹಾಗೆ ಇದರ ಚರಿತ್ರೆಯೂ ಸಿಕ್ಕಿತು. ರಕ್ತದ ಗುಂಪು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಗೊತ್ತಲ್ಲ, ಆತ ಅದಕ್ಕೂ ಮೊದಲು, 1899ರಲ್ಲೇ, ಒಂದು ಪ್ರಾಣಿಯ ವೀರ್ಯಾಣುವನ್ನು ಇನ್ನೊಂದು ಪ್ರಾಣಿಗೆ ಚುಚ್ಚಿದರೆ ಅದರ ವಿರುದ್ಧ ಆಂಟಿಬಾಡಿ ಹುಟ್ಟುತ್ತೆ ಅಂತ ತೋರಿಸಿದ್ದ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಮೆಚ್ನಿಕಾಫ್ ಕೂಡ. ಇದನ್ನು ಕೇಳಿ ಕೆಲವರ ತಲೆಗೆ ಬೇರೆ ಯೋಚನೆ ಬಂತು, ಹಾಗಾದರೆ ಇದನ್ನೇ ಗರ್ಭನಿರೋಧಕ ಲಸಿಕೆ ಮಾಡಿದರೆ? 1932ರಲ್ಲಿ ಅಮೆರಿಕದ ಬ್ಯಾಸ್ಕಿನ್ ಅನ್ನೋ ಡಾಕ್ಟರು 20 ಹೆಂಗಸರಿಗೆ ವೀರ್ಯವನ್ನೇ ಇಂಜೆಕ್ಷನ್ ಕೊಟ್ಟು ನೋಡಿದ್ದರಂತೆ. ಇಲ್ಲೂ ಸೂಜಿ ಹೆಂಗಸರಿಗೇ! ಮಕ್ಕಳಾಗದ ಗಂಡಸರ ಮೈಯಲ್ಲೇ ತಮ್ಮ ವೀರ್ಯಾಣುವಿನ ವಿರುದ್ಧ ಆಂಟಿಬಾಡಿ ಇರಬಹುದು ಅಂತ ಹಾಲೆಂಡಿನ ರೂಮ್ಕೆ, ಅಮೆರಿಕದ ವಿಲ್ಸನ್ ಬೇರೆಬೇರೆಯಾಗಿ ಬರೆದದ್ದು 1954ರಲ್ಲಿ. ಅಂದರೆ ಗಂಡಸನ್ನು ತಿರುಗಿ ನೋಡೋಕೆ ಐವತ್ತೈದು ವರ್ಷ ಬೇಕಾಯ್ತು.

ಇನ್ನೊಂದು ಓದಿದಾಗ ನಗು ಬಂತು, ಹೊಟ್ಟೆಕಿಚ್ಚೂ ಆಯ್ತು. 2004ರಲ್ಲಿ ನಾರ್ತ್ ಕ್ಯಾರೊಲಿನಾದ ಮೈಕೆಲ್ ಓರ್ಯಾಂಡ್ ತಂಡ ಮತ್ತು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಜಗನ್ನಾಥ ರಾವ್ ಮೊದಲಾದವರು ಸೇರಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದಿದ್ದಾರೆ. ವೀರ್ಯಾಣುವಿನ ಮೈಮೇಲೆ ಕೂರುವ ಎಪಿನ್ ಅನ್ನೋ ಪ್ರೋಟೀನನ್ನು ಗಂಡು ಮಂಗಗಳಿಗೆ ಲಸಿಕೆಯಂತೆ ಕೊಟ್ಟರು. 9ರಲ್ಲಿ 7 ಮಂಗಗಳ ಮೈಯಲ್ಲಿ ಆಂಟಿಬಾಡಿ ಚೆನ್ನಾಗಿ ಏರಿತು. ಆ ಏಳರಲ್ಲಿ ಒಂದಕ್ಕೂ ಮರಿ ಆಗಲಿಲ್ಲ. ಲಸಿಕೆ ನಿಲ್ಲಿಸಿದ ಮೇಲೆ 7ರಲ್ಲಿ 5 ಮಂಗಗಳು ಮತ್ತೆ ತಂದೆಯಾಗುವ ಸ್ಥಿತಿಗೆ ಬಂದವು. ಬೂಸ್ಟರು ಕೊಟ್ಟೂ ಕೊಟ್ಟೂ ವಿಜ್ಞಾನಿಗಳು ತರಿಸಬೇಕಾದ ಸ್ಥಿತಿಯನ್ನು ನನ್ನ ದೇಹ ಪುಕ್ಕಟೆಯಾಗಿ, ಕೇಳದೆಯೇ ತಂದುಕೊಂಡು ಕೂತಿದೆ. ಮಂಗಗಳಿಗಾದರೋ ನಿಲ್ಲಿಸುವವರಿದ್ದರು.

ಅಮ್ಮನಿಗೆ ಹೇಳಿದ್ದು ಆ ವರ್ಷದ ದೀಪಾವಳಿಯಲ್ಲಿ. ಊರು ತೀರ್ಥಹಳ್ಳಿ ಹತ್ತಿರ. ಬಂದ ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಅಮ್ಮ ಹೂ ಕಟ್ತಾ ಕೂತಿದ್ದಳು, ಅತ್ತೆಯೂ ಇದ್ದಳು (ಅಪ್ಪನ ತಂಗಿ, 'ಬಂಜೆ' ಅನ್ನೋ ಪದವನ್ನು ಇವಳ ಕಿವಿಗೆ ಬೀಳುವ ಹಾಗೆ ಹೇಳಿದ್ದವಳು). ಅತ್ತೆ ಇರುವಾಗಲೇ ಹೇಳಬೇಕು ಅಂತ ಬಸ್ಸಿನಲ್ಲೇ ನಿರ್ಧಾರ ಮಾಡಿಕೊಂಡಿದ್ದೆ. ಹೇಳಿದೆ. ಕವೆಗೋಲು, ಲೋಳೆ ಎಲ್ಲ ಹೇಳಲಿಲ್ಲ, "ಟೆಸ್ಟೆಲ್ಲ ಆಯ್ತು. ಅವಳಿಗೆ ಎಂತದೂ ತೊಂದ್ರೆ ಇಲ್ಲ. ಇರೋದು ನಂಗೆ" ಅಂದೆ.

ಅಮ್ಮನ ಕೈ ನಿಂತಿತು. "ಹಂಗಾದ್ರೆ ಅವಳದ್ದು ಎಂತದೂ ಇಲ್ಲ?"

"ಎಂತದೂ ಇಲ್ಲ."

ಅತ್ತೆ ಎದ್ದು ಒಳಗೆ ಹೋದಳು. ಅಮ್ಮ ಸುಮಾರು ಹೊತ್ತು ಬಾಳೆನಾರನ್ನು ಸೀಳ್ತಾ ಕೂತಿದ್ದು, ಆಮೇಲೆ ಕೇಳಿದ್ದೇನು ಗೊತ್ತಾ? "ಸಣ್ಣಕ್ಕಿರುವಾಗ ನಿಂಗೆ ಆಪ್ರೇಷನ್ ಮಾಡ್ಸಿದ್ವಲ್ಲ ಮಾರಾಯಾ, ಅದ್ರಿಂದ್ಲೇ ಆಯ್ತನಾ ಇದು? ನಾನೇ ಹಟ ಮಾಡಿ ಮಾಡ್ಸಿದ್ದು. ನಿಮ್ಮಪ್ಪ ಬ್ಯಾಡ ಅಂದಿದ್ರು."

ನಾನು ಇದಕ್ಕೆ ತಯಾರಾಗಿ ಬಂದಿರಲಿಲ್ಲ. ಒಬ್ಬಳ ತಲೆಯಿಂದ ಇಳಿಸಿದ್ದು ಸೀದಾ ಇನ್ನೊಬ್ಬಳ ತಲೆಗೆ ಹೋಗಿ ಕೂತಿತ್ತು. ನನ್ನ ಮೈಯಲ್ಲಿದ್ದದ್ದು ನನ್ನ ಹತ್ತಿರ ನಿಲ್ಲಲೇ ಇಲ್ಲ. ಹರ್ನಿಯಾ ಆಪರೇಷನ್ ಆದ ಸಾವಿರಾರು ಹುಡುಗರು ಅಪ್ಪಂದಿರಾಗಿದ್ದಾರೆ, ಅದರಿಂದಲೇ ಅಂತ ಡಾಕ್ಟರೂ ಹೇಳಲ್ಲ, ಮಾಡಿಸದಿದ್ದರೆ ಕರುಳು ಸಿಕ್ಕಿಹಾಕಿಕೊಂಡು ಆಗಲೇ ಹೋಗಿಬಿಡ್ತಿದ್ದೆನೇನೋ ಅಂತೆಲ್ಲ ಹೇಳಿದೆ. ತಲೆ ಅಲ್ಲಾಡಿಸಿದಳು. ನಂಬಿದಳೋ ಇಲ್ಲವೋ.

ಮುಂದಿನ ವರ್ಷ ದಾಯಾದಿಗಳ ಮನೆಯಲ್ಲಿ ಸೀಮಂತ. ಇಂಥ ಕಡೆ ಇವಳನ್ನು ಯಾರೂ ಬಾಯಿಬಿಟ್ಟು ಬೇಡ ಅಂತಿರಲಿಲ್ಲ, ಅಡುಗೆಮನೆಯಲ್ಲಿ ಏನಾದರೂ ಕೆಲಸ ಹಚ್ಚುತ್ತಿದ್ದರು. ಆ ಸಲ ಅಮ್ಮ ಒಳಗೆ ಹೋಗಿ, ಕಾಯಿ ತುರೀತಿದ್ದವಳ ಕೈ ಹಿಡಿದು ಕರಕೊಂಡು ಬಂದು, "ಮೊದ್ಲು ನೀನೇ ಆರತಿ ಎತ್ತು" ಅಂದಳಂತೆ. ಅತ್ತೆ ಅಲ್ಲೇ ಇದ್ದಳು, ಮಾತಾಡಲಿಲ್ಲ. ಯಾರೋ ಮೆಲ್ಲಗೆ ಕೇಳಿದ್ದಕ್ಕೆ ಅಮ್ಮ "ಯಾರದ್ದೂ ತಪ್ಪಿಲ್ಲ, ದೇವ್ರು ಕೊಡ್ಲಿಲ್ಲ ಅಷ್ಟೆ" ಅಂದಳಂತೆ. ನನಗೆ ಇದನ್ನು ಹೇಳುವಾಗ ಇವಳ ಕಣ್ಣಲ್ಲಿ ನೀರಿತ್ತು. ಸ್ವಲ್ಪ ಹೊತ್ತಿನ ಮೇಲೆ ಇವಳೇ ನಗ್ತಾ ಹೇಳಿದಳು: "ನಂದು ಅಂತಿದ್ದಾಗ ಊರಿಗೆಲ್ಲ ನಂದಾಗಿತ್ತು. ನಿಮ್ದು ಅಂತ ಗೊತ್ತಾದ್ಮೇಲೆ ದೇವ್ರದ್ದಾಯ್ತು ನೋಡಿ."

ಚಿಕಿತ್ಸೆಯ ವಿಷಯ ಬೇಗ ಹೇಳಿ ಮುಗಿಸ್ತೀನಿ, ಅದು ಅಷ್ಟು ಸ್ವಾರಸ್ಯ ಇಲ್ಲ. ಮೊದಲು ಪ್ರೆಡ್ನಿಸೋಲೋನ್, ಸ್ಟೀರಾಯ್ಡು. ಕಾವಲಿನ ನಾಯಿಯನ್ನು ಸ್ವಲ್ಪ ಮಂಪರು ಮಾಡುವ ಉಪಾಯ. 1990ರಲ್ಲಿ ಲಂಡನ್ನಿನ ಒಂದು ಪ್ರಯೋಗದಲ್ಲಿ ಇದರಿಂದ ಗುಣ ಕಂಡಿತ್ತು, ಬೇರೆ ಕೆಲವರ ಪ್ರಯೋಗದಲ್ಲಿ ಏನೂ ಕಂಡಿರಲಿಲ್ಲ. ಡಾಕ್ಟರು ಎರಡನ್ನೂ ಹೇಳಿಯೇ ಕೊಟ್ಟರು. ಮೂರು ತಿಂಗಳು ತಗೊಂಡೆ. ನಿದ್ದೆ ಇಲ್ಲ, ಹಸಿವೋ ಹಸಿವು, ಮುಖ ಚೌತಿಯ ಕಡುಬಿನ ಹಾಗೆ ಊದಿಕೊಂಡಿತು. ಆಫೀಸಿನಲ್ಲಿ "ಏನ್ ಗುರೂ, ಮದ್ವೆಯಾಗಿ ಇಷ್ಟು ವರ್ಷದ ಮೇಲೆ ಕಳೆ ಬಂತು" ಅಂದರು. ಅಪರೂಪಕ್ಕೆ ಸೊಂಟದ ಮೂಳೆಗೇ ರಕ್ತ ಹೋಗದ ಹಾಗೆ ಆಗುತ್ತೆ ಅಂತ ಓದಿದ ಮೇಲೆ ಇವಳೇ ಮಾತ್ರೆ ಡಬ್ಬಿ ಎತ್ತಿಟ್ಟಳು. ಆಮೇಲೆ 2010ರಲ್ಲಿ ವೀರ್ಯಾಣು ತೊಳೆದು ನೇರ ಗರ್ಭಕೋಶಕ್ಕೆ ಬಿಡುವ ಐಯುಐ, ಮೂರು ಸಲ. ಲೋಳೆಯ ತಡೆ ತಪ್ಪಿಸಬಹುದು, ಆದರೆ ಒಮ್ಮೆ ಕಚ್ಚಿಕೊಂಡ ಆಂಟಿಬಾಡಿ ತೊಳೆದರೆ ಹೋಗಲ್ಲ. ಆಗಲಿಲ್ಲ.

ಕೊನೆಗೆ 2011ರಲ್ಲಿ ಇಕ್ಸಿ. ಒಂದೇ ಒಂದು ವೀರ್ಯಾಣುವನ್ನು ಗಾಜಿನ ಸೂಜಿಯಲ್ಲಿ ಹಿಡಿದು ಅಂಡದ ಒಳಗೇ ಬಿಡೋದು, 1992ರಲ್ಲಿ ಬ್ರಸೆಲ್ಸ್‌ನವರು ಜಗತ್ತಿಗೆ ತೋರಿಸಿಕೊಟ್ಟಿದ್ದು. ಅಂಟಿಕೊಂಡಿದ್ದರೇನು, ನಡುಗುತ್ತಿದ್ದರೇನು, ಓಡುವ ಕೆಲಸವೇ ಇಲ್ಲ. ಆಂಟಿಬಾಡಿ ಇದ್ದವರಿಗೂ ಇಲ್ಲದವರಿಗೂ ಇದರಲ್ಲಿ ಫಲಿತಾಂಶ ಹೆಚ್ಚುಕಮ್ಮಿ ಒಂದೇ. ಆದರೆ ಓಡಬೇಕಾದವನು ನಾನು, ಹತ್ತು ಹನ್ನೆರಡು ದಿನ ಹೊಟ್ಟೆಗೆ ಚುಚ್ಚಿಸಿಕೊಂಡವಳು ಇವಳು. ಬಳೆ ಅಡ ಇಟ್ಟೆವು. 8 ಅಂಡದಲ್ಲಿ 6 ಫಲಿತವಾದವು, ಎರಡನ್ನು ಒಳಗೆ ಬಿಟ್ಟರು, ನಿಲ್ಲಲಿಲ್ಲ. "ಇದಕ್ಕೆ ಆಂಟಿಬಾಡಿ ಕಾರಣ ಅಲ್ಲ, ನಿಮ್ಮ ಕೆಲಸ ನೀವು ಮಾಡಿದ್ದೀರಿ" ಅಂದರು ಡಾಕ್ಟರು. ಅಷ್ಟು ವರ್ಷದಲ್ಲಿ ನನಗೆ ಸಿಕ್ಕಿದ ಒಂದೇ ಒಂದು ಸರ್ಟಿಫಿಕೇಟು. ಇನ್ನೊಂದು ಸಲ ಮಾಡೋಣ ಅಂತ ಅವರೂ ಹೇಳಿದರು, ನಾನೂ ಅಂದೆ. ಇವಳು ಬೇಡ ಅಂದಳು. ಚುಚ್ಚಿಸಿಕೊಳ್ಳುವವಳು ಬೇಡ ಅಂದ ಮೇಲೆ ಮುಗೀತು. ದತ್ತು ಯಾಕೆ ತಗೊಳ್ಳಲಿಲ್ಲ ಅಂತ ಕಮೆಂಟಿನಲ್ಲಿ ಕೇಳಬೇಡಿ ಪ್ಲೀಸ್, ಅದು ಬೇರೆಯೇ ಕಥೆ.

ಇಷ್ಟು ವರ್ಷದ ಮೇಲೆ ಈಗ ಯಾಕೆ ಬರೆದೆ ಅಂದರೆ, ಕಳೆದ ತಿಂಗಳು ಚಿಕ್ಕಪ್ಪನ ಮಗ ವಾಟ್ಸಾಪಿನಲ್ಲಿ ಒಂದು ರಿಪೋರ್ಟಿನ ಫೋಟೋ ಕಳಿಸಿ, "ಅಣ್ಣಾ, ನಿಂಗೆ ಇದೆಲ್ಲ ಗೊತ್ತಲ್ಲ, ಇದು ಎಂತದು ನೋಡು" ಅಂದ. ಮದುವೆಯಾಗಿ ಹದಿನಾಲ್ಕು ತಿಂಗಳು. ಯಾವುದೋ 'ಫರ್ಟಿಲಿಟಿ ಪ್ಯಾಕೇಜ್' ಅಂತೆ, ಎಲ್ಲಾ ಟೆಸ್ಟೂ ಒಟ್ಟಿಗೆ ಮಾಡಿ ಎಂಎಆರ್ 22, ಮುಂದೆ ದಪ್ಪಕ್ಷರದಲ್ಲಿ 'ಪಾಸಿಟಿವ್' ಅಂತ ಹೊಡೆದುಬಿಟ್ಟಿದ್ದಾರೆ. ಹುಡುಗ ಎರಡು ದಿನ ಊಟ ಬಿಟ್ಟಿದ್ದ. 22 ಅಂದರೆ 50ರ ಅರ್ಧಕ್ಕೂ ಕಮ್ಮಿ ಅಂತ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಅಮೆರಿಕದ ಮೂತ್ರರೋಗ ತಜ್ಞರ ಸಂಘದವರೂ ಸಂತಾನ ಚಿಕಿತ್ಸೆಯವರ ಸಂಘದವರೂ ಸೇರಿ 2020ರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ಈ ಟೆಸ್ಟನ್ನು ಮೊದಲ ಸುತ್ತಿನಲ್ಲಿ ಮಾಡಲೇಬಾರದು ಅಂತ. ಮೊದಲು ಮಾಮೂಲಿ ವೀರ್ಯ ಪರೀಕ್ಷೆ ಆಗಬೇಕು. ಅದರಲ್ಲಿ ಅಂಟಿಕೊಂಡಿದ್ದು ಕಂಡರೆ, ಈ ಟೆಸ್ಟಿನಿಂದ ಮುಂದಿನ ಚಿಕಿತ್ಸೆ ಏನಾದರೂ ಬದಲಾಗುವ ಹಾಗಿದ್ದರೆ ಆಗ ಯೋಚನೆ ಮಾಡಬೇಕು. ಇವನ ರಿಪೋರ್ಟಿನಲ್ಲಿ ಅಂಟಿದ್ದು ಗಿಂಟಿದ್ದು ಏನೂ ಇರಲಿಲ್ಲ, ಓಡಾಟ ಮಾತ್ರ ಸ್ವಲ್ಪ ಕಮ್ಮಿ. ಅದೂ ಒಂದು ಸಲದ ಲೆಕ್ಕದಲ್ಲಿ ಏನೂ ಹೇಳೋಕಾಗಲ್ಲ, ಸಲದಿಂದ ಸಲಕ್ಕೆ ತುಂಬಾ ಏರಿಳಿಯುತ್ತೆ.

"ಹೆಂಡ್ತಿಗೆ ಹೇಳ್ಲಾ ಬೇಡ್ವಾ?" ಅಂದ. ಅವಳೇ ಪಕ್ಕದಲ್ಲಿ ಕೂತು "ಸ್ಪೀಕರಲ್ಲಿ ಹಾಕಿ" ಅನ್ನೋದು ನನಗೆ ಕೇಳಿಸಿತು. ಕಾಲ ಅಷ್ಟಾದರೂ ಮುಂದೆ ಹೋಗಿದೆ :-) ಇಬ್ಬರಿಗೂ ಸೇರಿಸಿ ಹೇಳಿದೆ. ಆ ಪಾಸಿಟಿವ್ ಅನ್ನೋದನ್ನು ಮರೆತುಬಿಡಿ, ಬೇರೆ ಒಳ್ಳೆ ಲ್ಯಾಬಿನಲ್ಲಿ ಮಾಮೂಲಿ ಟೆಸ್ಟು ಇನ್ನೊಂದ್ಸಲ ಮಾಡಿಸಿ. ಹಿಂದಿನ ಎರಡು ದಿನಕ್ಕಿಂತ ಕಮ್ಮಿ ಇಲ್ಲ, ಏಳು ದಿನಕ್ಕಿಂತ ಜಾಸ್ತಿ ಇಲ್ಲ, ಅಷ್ಟು ಗ್ಯಾಪು ಕೊಡಬೇಕು. ಲ್ಯಾಬಿನ ಬಾತ್‌ರೂಮು ಆಗಲ್ಲ ಅಂದರೆ ಮನೆಯಿಂದಲೇ ತಗೊಂಡು ಹೋಗಬಹುದು, ಆದರೆ ಡಬ್ಬಿಯನ್ನು ಮೈಬಿಸಿ ತಾಗುವ ಹಾಗೆ ಒಳಜೇಬಲ್ಲಿ ಇಟ್ಟುಕೊಂಡು ಒಂದು ಗಂಟೆಯೊಳಗೆ ಮುಟ್ಟಿಸಬೇಕು.

"ಬೈಕಲ್ಲಿ ಹೋಗ್ಲಾ, ಮೆಟ್ರೋದಲ್ಲಿ ಹೋಗ್ಲಾ?" ಅಂದ.

ಯಾವುದು ಬೇಗ ಹೋಗುತ್ತೋ ಅದರಲ್ಲಿ ಹೋಗು ಮಾರಾಯಾ ಅಂದೆ.